ಪ್ರಾಚೀನ ಕಡಲ ಸರೀಸೃಪಗಳು ಮತ್ತು ಹವ್ಯಾಸಿ ಪಳೆಯುಳಿಕೆ ಶೋಧ

ಈಗ್ಗೆ ಸುಮಾರು 25 ಕೋಟಿಯಿಂದ 6.6 ಕೋಟಿ ವರ್ಷಗಳ ಹಿಂದಿನ ಕಾಲವನ್ನು ಭೂವಿಜ್ಞಾನಿಗಳು ಮೀಸೊಜೊಯಿಕ್ ಕಲ್ಪವೆಂದು ಕರೆಯುತ್ತಾರೆ. ಆ ಕಾಲದ ಕಡಲುಗಳನ್ನು ಆಳಿದ ದೊಡ್ಡ ಬೇಟೆಗಾರ ಪ್ರಾಣಿಗಳಲ್ಲಿ ಹೆಚ್ಚಿನವು ನೆಲದಿಂದ ನೀರಿಗೆ ಮರಳಿದ ಸರೀಸೃಪಗಳು. ಇಕ್ತಿಯೊಸಾರ್, ಪ್ಲೀಸಿಯೊಸಾರ್, ಮೊಸಾಸಾರ್ ಎಂಬವು ಅವುಗಳ ಮೂರು ಮುಖ್ಯ ಬಳಗಗಳು. ಇವುಗಳ ಮೂಳೆಗಳನ್ನು ಮೊದಲು ಕಂಡವರಲ್ಲಿ ವಿಶ್ವವಿದ್ಯಾಲಯದ ಪಂಡಿತರು ಕಡಿಮೆ. ಕಡಲ ದಂಡೆಯಲ್ಲಿ ಕಲ್ಲು ಆಯ್ದು ಮಾರುತ್ತಿದ್ದ ಬಡ ಹುಡುಗಿ, ದಂಡಿನ ವೈದ್ಯರು, ಕಲ್ಲುಗಣಿಯ ಕೂಲಿಗಳು, ಕೊಳಾಯಿ ಕೆಲಸದವರು, ಶಾಲೆಯ ಮಕ್ಕಳು ಈ ವಿದ್ಯೆಯ ಅಡಿಗಲ್ಲು ಹಾಕಿದರು. ಹೀಗಾಗಿ ಈ ಪ್ರಾಣಿಗಳ ಕಥೆಯನ್ನು ಹವ್ಯಾಸಿಗಳ ಕಥೆಯಿಂದ ಬಿಡಿಸಿ ಹೇಳಲು ಬರುವುದಿಲ್ಲ.

ಈ ಲೇಖನ ಎರಡನ್ನೂ ಮಲೆನಾಡಿನ ಅಂಚಿನ ಒಂದು ಊರಿನಲ್ಲಿ ನಿಂತು ನೋಡುತ್ತದೆ. ಆ ಊರಿನ ಸುತ್ತ ಇಂಥ ಮೂಳೆ ಒಂದೂ ಸಿಗುವುದಿಲ್ಲ. ಯಾಕೆ ಸಿಗುವುದಿಲ್ಲ ಎಂದು ತಿಳಿಯುವುದು ಪಳೆಯುಳಿಕೆ ಹುಡುಕುವವನ ಮೊದಲ ಪಾಠ.

ಕುಬಟೂರಿನ ಕಲ್ಲು

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಆನವಟ್ಟಿಯ ಬಳಿ ಇರುವ ಕುಬಟೂರು ಇತಿಹಾಸ ಪ್ರಿಯರಿಗೆ ಕೈಟಭೇಶ್ವರ ದೇವಾಲಯದ ಊರು. ಜನರ ನಂಬಿಕೆಯಲ್ಲಿ ಇದು ಚಂದ್ರಹಾಸನ ಕುಂತಳನಗರ. ಸುಮಾರು 1100ರಲ್ಲಿ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಎದ್ದ ಈ ಗುಡಿಯನ್ನು ಬಳಪದ ಕಲ್ಲಿನಲ್ಲಿ ಕಟ್ಟಿದ್ದಾರೆ. ದೇವರ ಹೆಸರಿನಲ್ಲಿರುವ ಕೈಟಭ ಪುರಾಣದ ಪ್ರಕಾರ ಪ್ರಳಯದ ನೀರಿನಲ್ಲಿ, ಮಲಗಿದ್ದ ವಿಷ್ಣುವಿನ ಕಿವಿಯಿಂದ ಹುಟ್ಟಿದ ರಾಕ್ಷಸ. ಜಗತ್ತೆಲ್ಲ ನೀರಾಗಿದ್ದಾಗ ಅದರಲ್ಲಿ ಭಯಂಕರ ಜೀವಿಗಳಿದ್ದವು ಎಂಬ ಕಲ್ಪನೆ ನಮ್ಮ ನೆಲದಲ್ಲಿ ಬಹಳ ಹಳೆಯದು. ಚಾಲುಕ್ಯ, ಹೊಯ್ಸಳ ಶಿಲ್ಪಿಗಳು ತೋರಣಗಳಲ್ಲಿ ಕೆತ್ತಿದ ಮಕರವೂ ಅದೇ ಕಲ್ಪನೆಯ ಕೂಸು: ಮೊಸಳೆಯ ಬಾಯಿ, ಆನೆಯ ಸೊಂಡಿಲು, ಹಿಂದೆ ಸುರುಳಿಸುತ್ತಿದ ಬಾಲ. ಶಿಲ್ಪಿಗೆ ಪಳೆಯುಳಿಕೆ ಗೊತ್ತಿರಲಿಲ್ಲ. ಆದರೂ ಸರೀಸೃಪದ ಬಾಯನ್ನು ಕಡಲ ಪ್ರಾಣಿಗೆ ಜೋಡಿಸಿದ ಅವನ ಊಹೆ ನಿಜವಾದ ಪ್ರಾಣಿಗಳಿಗೆ ಅಚ್ಚರಿಯಾಗುವಷ್ಟು ಹತ್ತಿರ ಬಂದಿದೆ.

ಗುಡಿಯ ಬಳಪದ ಕಲ್ಲು ಮೆಗ್ನೀಸಿಯಮ್ ತುಂಬಿದ ಅಗ್ನಿಶಿಲೆಗಳು ನೆಲದಾಳದಲ್ಲಿ ಬಿಸಿ, ಒತ್ತಡ ಮತ್ತು ನೀರಿನಿಂದ ರೂಪಾಂತರಗೊಂಡು ಆದದ್ದು. ಇಂಥ ಕಲ್ಲು ಸಿಗುವುದು ಧಾರವಾಡ ಶಿಲಾಸಮೂಹದ ಪಟ್ಟಿಗಳಲ್ಲಿ. ಶಿಕಾರಿಪುರ, ಸೊರಬ, ಸಾಗರದ ಕಡೆಯ ನೆಲವೆಲ್ಲ ಶಿವಮೊಗ್ಗ ಪಟ್ಟಿ ಎನ್ನುವ ಇದರ ಒಂದು ದೊಡ್ಡ ಹರಹಿಗೆ ಮತ್ತು ಅದರ ಸುತ್ತಣ ನೈಸ್ ಶಿಲೆಗೆ ಸೇರುತ್ತದೆ. ಮೇಲೆ ಜಂಬಿಟ್ಟಿಗೆಯ ಕೆಂಪು ಹೊದಿಕೆ, ಕೆಳಗೆ 250 ಕೋಟಿ ವರ್ಷಗಳಿಗೂ ಹಳೆಯ ಶಿಲೆ. ಮೊದಲ ಇಕ್ತಿಯೊಸಾರ್ ಈಜಲು ಶುರುಮಾಡಿದ್ದು ಸುಮಾರು 25 ಕೋಟಿ ವರ್ಷಗಳ ಹಿಂದೆ. ಆಗಲೇ ಈ ಶಿಲೆಯ ವಯಸ್ಸು ಇನ್ನೂರು ಕೋಟಿ ವರ್ಷ ದಾಟಿತ್ತು. ಮೂಳೆಯಾಗಲಿ ಚಿಪ್ಪಾಗಲಿ ಇರುವ ಒಂದು ಜೀವಿಯೂ ಭೂಮಿಯ ಮೇಲೆ ಹುಟ್ಟಿರದ ಕಾಲದ ಕಲ್ಲು ಇದು. ಇಲ್ಲಿ ಡೈನೋಸಾರ್ ಮೂಳೆ ಹುಡುಕುವವರು ಎಷ್ಟು ಶ್ರಮಪಟ್ಟರೂ ಏನೂ ಸಿಗುವುದಿಲ್ಲ.

ಹಾಗೆಂದು ಈ ಕಲ್ಲಿನಲ್ಲಿ ಕಡಲಿನ ಗುರುತೇ ಇಲ್ಲವೆನ್ನಬಾರದು. ಧಾರವಾಡ ಶಿಲೆಗಳ ಬಹುಪಾಲು ನೀರಿನಡಿ ಪದರಪದರವಾಗಿ ಕೂತ ಮಣ್ಣು, ಮರಳು, ಕಬ್ಬಿಣದ ಕೆಸರು ಮತ್ತು ನೀರಿನಲ್ಲಿ ಹರಿದ ಲಾವಾ. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ಲಾವಾ ನೀರಿಗೆ ಬಿದ್ದಾಗ ದಿಂಬುಗಳಂತೆ ಉಬ್ಬಿ ಗಟ್ಟಿಯಾದ ಆಕಾರಗಳು ಹಾಗೇ ಉಳಿದಿವೆ, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಶಿವಮೊಗ್ಗ ಪಟ್ಟಿಯ ಡಾಲಮೈಟ್ ಮತ್ತು ಚರ್ಟ್ ಪದರಗಳಲ್ಲಿ ಸ್ಟ್ರೊಮ್ಯಾಟೊಲೈಟ್‌ಗಳಿವೆ ಎಂದು ಭೂವಿಜ್ಞಾನಿಗಳು 1989ರಲ್ಲಿ ವರದಿ ಮಾಡಿದರು. ಸೂಕ್ಷ್ಮಜೀವಿಗಳ ಲೋಳೆಪದರಕ್ಕೆ ಸುಣ್ಣದ ಹುಡಿ ಅಂಟಿಕೊಳ್ಳುತ್ತ, ಅದರ ಮೇಲೆ ಮತ್ತೊಂದು ಪದರ ಬೆಳೆಯುತ್ತ, ನೀರ್ದೋಸೆಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಆದ ರಚನೆಗಳಿವು. ಆಳವಿಲ್ಲದ, ಬಿಸಿಲು ಬೀಳುವ ನೀರು ಇಲ್ಲಿ ಒಂದು ಕಾಲಕ್ಕೆ ಇತ್ತು ಎನ್ನುವುದಕ್ಕೆ ಇವೇ ಸಾಕ್ಷಿ. ಕುಬಟೂರಿನ ಶಾಲಾ ಹುಡುಗನೊಬ್ಬ ತನ್ನ ಜಿಲ್ಲೆಯ ಪಳೆಯುಳಿಕೆ ನೋಡಬೇಕೆಂದರೆ ನೋಡಬೇಕಾದದ್ದು ಇವನ್ನು. ಹಲ್ಲು, ಉಗುರು ಇಲ್ಲದ ಇವುಗಳ ಮುಂದೆ ಇಕ್ತಿಯೊಸಾರ್ ನಿನ್ನೆ ಮೊನ್ನೆಯದು.

ಕರ್ನಾಟಕದ ಇತರ ಭಾಗಗಳಲ್ಲೂ ಮೀಸೊಜೊಯಿಕ್ ಕಡಲಿನ ಶಿಲೆ ಇಲ್ಲ. ಭೀಮಾ ಮತ್ತು ಕಲಾದಗಿ ಕೊಳ್ಳಗಳ ಸುಣ್ಣಕಲ್ಲು, ಅಂದರೆ ಮನೆಮನೆಯ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಮತ್ತು ಅದರ ಬಂಧುಗಳು, ಕಡಲಿನಡಿಯಲ್ಲೇ ಕೂತವು. ಆದರೆ ಅವೂ ಬೆನ್ನುಮೂಳೆಯ ಪ್ರಾಣಿಗಳಿಗಿಂತ ಹಿಂದಿನವು. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಯ ಕಪ್ಪು ಬಸಾಲ್ಟ್ ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಕಡಲ ಸರೀಸೃಪಗಳ ಕೊನೆಗಾಲದಲ್ಲಿ, ಒಣನೆಲದ ಮೇಲೆ ಹರಿದ ಲಾವಾ. ಮಲ್ಪೆಯ ಎದುರಿನ ತೋನ್ಸೆಪಾರ್ ದ್ವೀಪದ ಕಲ್ಲಿನ ಕಂಬಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮಿಂದ ಬಿರಿದು ದೂರವಾದ ಹೊತ್ತಿನ ಲಾವಾದಿಂದ ಆದವು. ನಮ್ಮ ಪಡುಗಡಲು ಹುಟ್ಟಿದ್ದೇ ಆ ಬಿರುಕಿನಿಂದ. ಅದಕ್ಕೂ ಮೊದಲು ಈಗಿನ ಕರಾವಳಿ ಒಂದು ದೊಡ್ಡ ಭೂಖಂಡದ ಒಳನಾಡಾಗಿತ್ತು. ಒಳನಾಡಿನಲ್ಲಿ ಕಡಲ ಪ್ರಾಣಿಯ ಹೆಣ ಬೀಳುವುದಾದರೂ ಹೇಗೆ?

ಪ್ರಾಣಿಗಳು

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಕಡಲ ಸರೀಸೃಪಗಳು ಡೈನೋಸಾರ್‌ಗಳಲ್ಲ. ಡೈನೋಸಾರ್‌ಗಳು ಕಾಲುಗಳನ್ನು ಮೈಯ ಕೆಳಗೆ ನೇರವಾಗಿ ಊರಿ ನಡೆದ ನೆಲದ ಪ್ರಾಣಿಗಳು. ಕಡಲ ಬಳಗಗಳು ಬೇರೆ ಬೇರೆ ಪೂರ್ವಿಕರಿಂದ, ಬೇರೆ ಬೇರೆ ಕಾಲದಲ್ಲಿ ನೀರಿಗಿಳಿದವು. ನೆಲದ ಪ್ರಾಣಿಗಳು ಮತ್ತೆ ಮತ್ತೆ ಕಡಲಿಗೆ ಮರಳಿದ್ದು, ಪ್ರತಿಸಲವೂ ಅವುಗಳ ಕಾಲುಗಳು ಹುಟ್ಟುಗಳಾಗಿ ಮಾರ್ಪಟ್ಟಿದ್ದು ಜೀವವಿಕಾಸದ ಬಹು ದೊಡ್ಡ ವಿಸ್ಮಯ.

ಇಕ್ತಿಯೊಸಾರ್ ಎಂದರೆ ಗ್ರೀಕಿನಲ್ಲಿ ಮೀನುಹಲ್ಲಿ. ಸುಮಾರು 25 ಕೋಟಿ ವರ್ಷಗಳ ಹಿಂದೆ ಕಾಣಿಸಿಕೊಂಡು ಸುಮಾರು 9 ಕೋಟಿ ವರ್ಷಗಳ ಹಿಂದೆ ಅಳಿದ ಈ ಬಳಗ ನೋಡಲು ಡಾಲ್ಫಿನ್‌ನ ಹಾಗಿತ್ತು. ಉದ್ದ ಮೂತಿ, ಬೆನ್ನ ಮೇಲೆ ಈಜುರೆಕ್ಕೆ, ಮೀನಿನಂತೆ ನಿಂತ ಬಾಲ. ಡಾಲ್ಫಿನ್‌ಗೂ ಇದಕ್ಕೂ ನೆಂಟಸ್ತನವಿಲ್ಲ, ಒಂದೇ ಬಗೆಯ ಬದುಕು ಒಂದೇ ಬಗೆಯ ಮೈಯನ್ನು ಕೊಟ್ಟಿತು. ಇದರ ಬೆನ್ನುಮೂಳೆ ಬಾಲದ ತುದಿಯಲ್ಲಿ ಕೆಳಕ್ಕೆ ಬಾಗಿರುತ್ತದೆ. ಆ ಬಾಗನ್ನು 1838ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ರಿಚರ್ಡ್ ಓವನ್ ಗಮನಿಸಿ ಅಲ್ಲಿ ಈಜುರೆಕ್ಕೆ ಇದ್ದಿರಬೇಕೆಂದು ಊಹಿಸಿದ. ಅರ್ಧ ಶತಮಾನ ಕಳೆದ ಮೇಲೆ, 1892ರಲ್ಲಿ, ಜರ್ಮನಿಯ ಹೋಲ್ಟ್ಸ್‌ಮಾಡೆನ್‌ನ ಕಲ್ಲುಗಣಿಯಿಂದ ಬಂದ, ಬರ್ನ್‌ಹಾರ್ಡ್ ಹೌಫ್ ತಾಳ್ಮೆಯಿಂದ ಕಲ್ಲು ಬಿಡಿಸಿದ ಒಂದು ಇಕ್ತಿಯೊಸಾರ್‌ನಲ್ಲಿ ಚರ್ಮದ ಹೊರರೇಖೆಯೇ ಕಂಡು ಬಂತು. ಓವನ್‌ನ ಊಹೆ ನಿಜವಾಯಿತು. ಹೌಫ್ ಗಣಿಯ ಮಾಲೀಕನ ಮಗ, ಓದಿ ವಿಜ್ಞಾನಿ ಆದವನಲ್ಲ. ಕೈಗೆ ಬಂದ ಕಲ್ಲಿನಿಂದಲೇ ಕಲಿತವನು.

ಇಕ್ತಿಯೊಸಾರ್ ಮೊಟ್ಟೆ ಇಡುತ್ತಿರಲಿಲ್ಲ, ಮರಿ ಹಾಕುತ್ತಿತ್ತು. ಹೊಟ್ಟೆಯೊಳಗೆ ಮರಿಗಳಿರುವ ತಾಯಂದಿರ ಪಳೆಯುಳಿಕೆಗಳು ಹೋಲ್ಟ್ಸ್‌ಮಾಡೆನ್‌ನಲ್ಲಿ ಎಷ್ಟೋ ಸಿಕ್ಕಿವೆ. ಚೀನಾದ ಚಾವೊಹುಸಾರಸ್‌ನ ಒಂದು ಪಳೆಯುಳಿಕೆಯಲ್ಲಿ ಮರಿ ತಲೆ ಮುಂದಾಗಿ ಹೊರಬರುವ ಸ್ಥಿತಿಯಲ್ಲಿದೆ ಎಂದು 2014ರಲ್ಲಿ ಪ್ರಕಟವಾಯಿತು. ತಲೆ ಮುಂದಾಗಿ ಹುಟ್ಟುವುದು ನೆಲದ ಪ್ರಾಣಿಗಳ ರೀತಿ. ಅಂದರೆ ಮರಿ ಹಾಕುವ ಅಭ್ಯಾಸವನ್ನು ಇದರ ಪೂರ್ವಿಕರು ನೆಲದ ಮೇಲಿದ್ದಾಗಲೇ ಪಡೆದಿದ್ದರು ಎಂದು ವಿದ್ವಾಂಸರು ವಾದಿಸಿದರು. ಆಫ್ತಾಲ್ಮೊಸಾರಸ್‌ನ ಕಣ್ಣಿನ ಅಡ್ಡಳತೆ 20 ಸೆಂಟಿಮೀಟರ್ ದಾಟುತ್ತಿತ್ತು, ನಮ್ಮ ಊಟದ ತಟ್ಟೆಯಷ್ಟು. ಕತ್ತಲ ಆಳದಲ್ಲಿ ಸ್ಕ್ವಿಡ್ ಜಾತಿಯ ಮೃದ್ವಂಗಿಗಳನ್ನು ಬೆನ್ನಟ್ಟಲು ಅಷ್ಟು ದೊಡ್ಡ ಕಣ್ಣು ಬೇಕಿತ್ತು.

ಪ್ಲೀಸಿಯೊಸಾರ್‌ಗಳಿಗೆ ಬಾಲಕ್ಕಿಂತ ನಾಲ್ಕು ಹುಟ್ಟುಗಳೇ ಮುಖ್ಯ. ಇವುಗಳಲ್ಲಿ ಉದ್ದ ಕತ್ತು, ಸಣ್ಣ ತಲೆಯವು ಒಂದು ಬಗೆ. ಗಿಡ್ಡ ಕತ್ತು, ದೊಡ್ಡ ದವಡೆಯ ಪ್ಲಯೊಸಾರ್‌ಗಳು ಇನ್ನೊಂದು ಬಗೆ. ಆಲ್ಬರ್ಟೊನೆಕ್ಟಿಸ್ ಎಂಬುದರ ಕತ್ತಿನಲ್ಲಿ 76 ಬೆನ್ನುಮೂಳೆಗಳಿದ್ದವು. ಜಿರಾಫೆಗೂ ಮನುಷ್ಯನಿಗೂ ಇರುವುದು ಏಳೇ. ಒಂದೇ ಒಂದು ದೊಡ್ಡ ಮರಿಯನ್ನು ಹೊತ್ತ ಪಾಲಿಕಾಟಿಲಸ್ ಎಂಬ ಪ್ಲೀಸಿಯೊಸಾರ್‌ನ ವಿವರ 2011ರಲ್ಲಿ ಪ್ರಕಟವಾಯಿತು. ಒಂದೇ ಮರಿ ಎಂದರೆ ತಿಮಿಂಗಿಲದ ಹಾಗೆ ಇವೂ ಮರಿಯನ್ನು ಸಾಕುತ್ತಿದ್ದವೇನೋ ಎಂಬ ಚರ್ಚೆ ಅಲ್ಲಿಂದ ಶುರುವಾಯಿತು.

ಮೊಸಾಸಾರ್‌ಗಳು ಕಡೆಗೆ ಬಂದವು, ಕಡೆಯ ಮೂರು ಕೋಟಿ ವರ್ಷಗಳಲ್ಲಿ ಕಡಲನ್ನು ಆಳಿದವು. ಇವು ಹಲ್ಲಿ ಮತ್ತು ಹಾವುಗಳ ಗುಂಪಿಗೇ ಸೇರಿದವು. ಮಲೆನಾಡಿನವರು ಕಂಡಿರುವ ಉಡ ಇವುಗಳ ದೂರದ ನೆಂಟ. ಉಡದ ನಾಲಿಗೆ ಸೀಳಿರುವುದನ್ನು, ಅದು ತಲೆಯೆತ್ತಿ ಬಾಲ ಬೀಸಿ ನೀರು ದಾಟುವುದನ್ನು ನೋಡಿದವರಿಗೆ ಹತ್ತು ಹದಿನೈದು ಮೀಟರ್ ಉದ್ದದ ಮೊಸಾಸಾರ್ ಈಜುವ ರೀತಿಯನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಆಸ್ಟ್ರೇಲಿಯಾದ ಕ್ರೊನೊಸಾರಸ್, ಅಮೆರಿಕದ ನಾಲ್ಕೂವರೆ ಮೀಟರಿನ ಆಮೆ ಆರ್ಕೆಲಾನ್, ಕಡಲ ಮೊಸಳೆಗಳು ಹೀಗೆ ಕಡಲ ಸರೀಸೃಪಗಳ ಪಟ್ಟಿ ಬೆಳೆಯುತ್ತದೆ. 6.6 ಕೋಟಿ ವರ್ಷಗಳ ಹಿಂದಿನ ಮಹಾ ಅಳಿವನ್ನು ದಾಟಿ ಬಂದವುಗಳಲ್ಲಿ ಆಮೆಗಳಿವೆ. ಕುಂದಾಪುರ, ಹೊನ್ನಾವರ, ಕಾರವಾರದ ಮರಳಿಗೆ ಇವತ್ತಿಗೂ ಮೊಟ್ಟೆಯಿಡಲು ಬರುವ ಕಡಲಾಮೆಗಳು ಆ ಹಳೆಯ ಲೋಕದ ಜೀವಂತ ಕೊಂಡಿಗಳು.

ಕಂಡವರು ಯಾರು

ಇಂಗ್ಲೆಂಡಿನ ದಕ್ಷಿಣ ತೀರದ ಲೈಮ್ ರೀಜಿಸ್‌ನಲ್ಲಿ 1799ರಲ್ಲಿ ಹುಟ್ಟಿದ ಮೇರಿ ಆ್ಯನಿಂಗ್ ಬಡಗಿಯ ಮಗಳು. ಚಳಿಗಾಲದ ಬಿರುಗಾಳಿಗೆ ಕುಸಿದ ದಿಬ್ಬಗಳಲ್ಲಿ ಕಲ್ಲಾದ ಚಿಪ್ಪುಗಳನ್ನು ಆಯ್ದು ಪ್ರವಾಸಿಗರಿಗೆ ಮಾರುವುದು ಆ ಮನೆಯ ಹೊಟ್ಟೆಪಾಡು. 1811ರಲ್ಲಿ ಅವಳ ಅಣ್ಣ ಜೋಸೆಫ್‌ಗೆ ಒಂದು ದೊಡ್ಡ ತಲೆಬುರುಡೆ ಸಿಕ್ಕಿತು. ಉಳಿದ ಮೈಯನ್ನು ಮರುವರ್ಷ ಮೇರಿ ಹುಡುಕಿದಳು. ವಿಜ್ಞಾನ ಲೋಕವನ್ನು ಬೆಚ್ಚಿಸಿದ ಮೊದಲ ಇಕ್ತಿಯೊಸಾರ್ ಅದು. ಆಗ ಅವಳ ವಯಸ್ಸು 12. 1823ರ ಕೊನೆಯಲ್ಲಿ ಅವಳು ತೆಗೆದ ಪೂರ್ತಿ ಪ್ಲೀಸಿಯೊಸಾರ್‌ನ ಚಿತ್ರ ನೋಡಿದ ಫ್ರಾನ್ಸಿನ ಜಾರ್ಜ್ ಕ್ಯೂವಿಯೇ, ಇಷ್ಟು ಉದ್ದದ ಕತ್ತು ಇರಲಾರದು, ಎರಡು ಪ್ರಾಣಿಗಳ ಮೂಳೆ ಬೆರೆತಿರಬೇಕು ಎಂದು ಸಂಶಯಪಟ್ಟ. ಪರೀಕ್ಷೆಯಲ್ಲಿ ಮೇರಿಯ ಕೆಲಸ ಸರಿಯೆಂದು ತಿಳಿಯಿತು, ಕ್ಯೂವಿಯೇ ತಪ್ಪೊಪ್ಪಿಕೊಂಡ. ಇಕ್ತಿಯೊಸಾರ್‌ಗಳ ಹೊಟ್ಟೆಯ ಭಾಗದಲ್ಲಿ ಸಿಗುವ ಉಂಡೆಕಲ್ಲುಗಳನ್ನು ಒಡೆದರೆ ಮೀನಿನ ಮುಳ್ಳು, ಹುರುಪೆ ಕಾಣುತ್ತವೆ ಎಂದು ಗಮನಿಸಿದವಳೂ ಅವಳೇ. ಅವು ಕಲ್ಲಾದ ಹಿಕ್ಕೆ ಎಂದು ಭೂವಿಜ್ಞಾನಿ ವಿಲಿಯಂ ಬಕ್‌ಲ್ಯಾಂಡ್ ವಿವರಿಸಿ ಹೆಸರಿಟ್ಟ.

ಮೇರಿಯನ್ನು ಹವ್ಯಾಸಿ ಎನ್ನುವುದು ಪೂರ್ತಿ ಸರಿಯಲ್ಲ. ಹವ್ಯಾಸಕ್ಕೆ ಬಿಡುವು ಬೇಕು, ಅವಳಿಗೆ ಬಿಡುವಿರಲಿಲ್ಲ. 1833ರಲ್ಲಿ ಅವಳ ಜೊತೆಗಿದ್ದ ನಾಯಿ ಟ್ರೇ ಕಣ್ಣೆದುರೇ ದಿಬ್ಬ ಕುಸಿದು ಸತ್ತಿತು, ಅವಳು ಕೂದಲೆಳೆಯಲ್ಲಿ ಉಳಿದಳು. 1847ರಲ್ಲಿ 47ನೆಯ ವಯಸ್ಸಿಗೆ ತೀರಿಕೊಂಡ ಅವಳನ್ನು ಲಂಡನ್ನಿನ ಭೂವಿಜ್ಞಾನ ಸಂಘ ಸದಸ್ಯಳಾಗಿ ಸೇರಿಸಿಕೊಳ್ಳಲಿಲ್ಲ. ಹೆಂಗಸರಿಗೆ ಅಲ್ಲಿ ಬಾಗಿಲು ತೆರೆದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅವಳು ಅಗೆದ ಪ್ರಾಣಿಗಳ ಬಗ್ಗೆ ಪ್ರಬಂಧ ಬರೆದವರು ಬೇರೆಯವರು, ಹೆಸರೂ ಅವರದೇ. ಈ ಅನ್ಯಾಯ ಎರಡು ಶತಮಾನ ಕಳೆದರೂ ಓದುವವರ ಮನಸ್ಸನ್ನು ಚುಚ್ಚುತ್ತದೆ.

ಮೊಸಾಸಾರ್‌ನ ಮೊದಲ ತಲೆಬುರುಡೆಗಳು ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ಊರಿನ ಸುಣ್ಣಕಲ್ಲು ಗಣಿಯಲ್ಲಿ 18ನೆಯ ಶತಮಾನದ ಉತ್ತರಾರ್ಧದಲ್ಲಿ ಸಿಕ್ಕವು. ಅವನ್ನು ಲೋಕದ ಗಮನಕ್ಕೆ ತಂದವನು ದಂಡಿನ ವೈದ್ಯ ಹಾಫ್‌ಮನ್. ಕಡೆಗೆ ಪ್ರಾಣಿಯ ಹೆಸರಿನಲ್ಲೇ ಅವನು ಉಳಿದ: ಮೊಸಾಸಾರಸ್ ಹಾಫ್‌ಮನ್ನಿ. ಅಮೆರಿಕದ ಕ್ಯಾನ್ಸಸ್‌ನಲ್ಲಿ 1867ರಲ್ಲಿ ಎಲಾಸ್ಮೊಸಾರಸ್‌ನ ಮೂಳೆಗಳನ್ನು ಕಂಡವನೂ ದಂಡಿನ ವೈದ್ಯನೇ, ಥಿಯೋಫಿಲಸ್ ಟರ್ನರ್. ಅದನ್ನು ಅಧ್ಯಯನ ಮಾಡಿದ ಹೆಸರಾಂತ ವಿಜ್ಞಾನಿ ಎಡ್ವರ್ಡ್ ಕೋಪ್ ತಲೆಯನ್ನು ಬಾಲದ ತುದಿಗೆ ಜೋಡಿಸಿದ. ಜೋಸೆಫ್ ಲೈಡಿ ಅದನ್ನು ತೋರಿಸಿಕೊಟ್ಟಾಗ ತಿದ್ದಬೇಕಾಯಿತು. ಓದಿದವನ ವಿದ್ಯೆಯೂ ತಪ್ಪಬಲ್ಲದು, ಅದನ್ನೂ ತಿದ್ದಬೇಕಾಗುತ್ತದೆ ಎನ್ನುವುದಕ್ಕೆ ಕ್ಯೂವಿಯೇ ಮತ್ತು ಕೋಪ್ ಇಬ್ಬರ ಪ್ರಸಂಗಗಳೂ ಸಾಕ್ಷಿ.

ಇದು ಹಳೆಯ ಕಾಲದ ಮಾತು ಮಾತ್ರವಲ್ಲ. ಇಂಗ್ಲೆಂಡಿನ ಸಾಮರ್‌ಸೆಟ್ ತೀರದಲ್ಲಿ 2020ರಲ್ಲಿ 11 ವರ್ಷದ ಬಾಲಕಿ ತನ್ನ ತಂದೆಯ ಜೊತೆ ಅಡ್ಡಾಡುವಾಗ ಒಂದು ದವಡೆಮೂಳೆಯ ತುಂಡುಗಳನ್ನು ಕಂಡಳು. ಜೋಡಿಸಿದಾಗ ಅದು ಎರಡು ಮೀಟರಿಗಿಂತ ಉದ್ದವಿತ್ತು. 2016ರಲ್ಲಿ ಮತ್ತೊಬ್ಬ ಹವ್ಯಾಸಿಗೆ ಅಲ್ಲೇ ಸಮೀಪದಲ್ಲಿ ಸಿಕ್ಕಿದ್ದ ಮೂಳೆಗೆ ಇದು ಹೋಲಿತು. ಇಬ್ಬರ ಮೂಳೆಗಳೂ ಸೇರಿ 2024ರಲ್ಲಿ ಇಕ್ತಿಯೊಟೈಟಾನ್ ಎಂಬ ಹೊಸ ಪ್ರಾಣಿಗೆ ಹೆಸರು ಬಂತು. ಸುಮಾರು 20.2 ಕೋಟಿ ವರ್ಷ ಹಿಂದಿನ ಇದರ ಉದ್ದ 25 ಮೀಟರ್ ತನಕ ಇದ್ದಿರಬಹುದೆಂಬ ಅಂದಾಜಿದೆ. ಕಂಡುಹಿಡಿದ ಬಾಲಕಿಯ ಹೆಸರನ್ನು ಪ್ರಬಂಧದ ಲೇಖಕರ ಸಾಲಿನಲ್ಲೇ ಸೇರಿಸಿದರು. ಮೇರಿ ಆ್ಯನಿಂಗ್‌ಗೆ ಸಲ್ಲದ ಗೌರವ ಹೀಗೆ ಇನ್ನೊಂದು ಮಗುವಿಗೆ ಸಂದಿತು. ಇಂಗ್ಲೆಂಡಿನದೇ ದಕ್ಷಿಣ ತೀರದ ಕಿಮರಿಜ್ ಎಂಬ ಹಳ್ಳಿಯಲ್ಲಿ ಕೊಳಾಯಿ ಕೆಲಸದ ಸ್ಟೀವ್ ಎಚಸ್ ದಶಕಗಳ ಕಾಲ ಬಿಡುವಿನಲ್ಲಿ ಕೂಡಿಹಾಕಿದ ಪಳೆಯುಳಿಕೆಗಳು 2016ರಲ್ಲಿ ಒಂದು ಸಂಗ್ರಹಾಲಯವಾಗಿ ತೆರೆದವು. ಅದೇ ತೀರದ ದಿಬ್ಬದಿಂದ ಬಂದ ಎರಡು ಮೀಟರಿನ ಪ್ಲಯೊಸಾರ್ ತಲೆಬುರುಡೆಯೂ ಅಲ್ಲಿದೆ.

ದಕ್ಷಿಣದ ಕಡಲು, ಕನ್ನಡದ ಕೊಂಡಿಗಳು

ಕರ್ನಾಟಕಕ್ಕೆ ಅತಿ ಹತ್ತಿರದ ಮೀಸೊಜೊಯಿಕ್ ಕಡಲು ತಮಿಳುನಾಡಿನಲ್ಲಿದೆ. ಕಾವೇರಿ ಬಯಲಿನ ಉತ್ತರಕ್ಕೆ ಅರಿಯಲೂರು, ಪೆರಂಬಲೂರು ಜಿಲ್ಲೆಗಳಲ್ಲಿ ಮೀಸೊಜೊಯಿಕ್ ಕಲ್ಪದ ಕೊನೆಯ ಘಟ್ಟವಾದ ಕ್ರಿಟೇಶಿಯಸ್ ಕಾಲದ ಸಮುದ್ರ ನೆಲದ ಮೇಲೆ ಹತ್ತಿ ಇಳಿದ ಗುರುತು ಸುಣ್ಣಕಲ್ಲು ಮತ್ತು ಜೇಡಿಯಾಗಿ ಉಳಿದಿದೆ. ಇಲ್ಲಿಯ ಚಿಪ್ಪುಗಳನ್ನು 1840ರ ಸುಮಾರಿಗೆ ಸಂಗ್ರಹಿಸಿ ಲಂಡನ್ನಿಗೆ ಒಯ್ದವರು ಮದರಾಸು ಸರ್ಕಾರದ ಅಧಿಕಾರಿಗಳಾದ ಕೇ ಮತ್ತು ಕನ್‌ಲಿಫ್. ಇಬ್ಬರೂ ಹವ್ಯಾಸಿಗಳು. ಎಡ್ವರ್ಡ್ ಫೋರ್ಬ್ಸ್ 1846ರಲ್ಲಿ ಅವನ್ನು ವಿವರಿಸಿದ. ನಂತರ ಹೆನ್ರಿ ಬ್ಲಾನ್‌ಫರ್ಡ್ ಶಿಲಾಪದರಗಳನ್ನು ಗುರುತಿಸಿದ. ಫರ್ಡಿನೆಂಡ್ ಸ್ಟೋಲಿಚ್ಕ ಚಿಪ್ಪುಗಳ ಮೇಲೆ ಬೃಹತ್ ಗ್ರಂಥಗಳನ್ನೇ ಬರೆದ. 1879ರಲ್ಲಿ ರಿಚರ್ಡ್ ಲಿಡೆಕರ್ ಇಲ್ಲಿಂದ ಬಂದ ಕೆಲವು ಬೆನ್ನುಮೂಳೆಗಳ ಆಧಾರದಲ್ಲಿ ಇಕ್ತಿಯೊಸಾರಸ್ ಇಂಡಿಕಸ್ ಎಂಬ ಹೆಸರಿಟ್ಟ. ಆ ಅಲ್ಪ ಮೂಳೆಗಳ ಮೇಲೆ ನಿಂತ ಹೆಸರು ಈಗ ಚಾಲ್ತಿಯಲ್ಲಿಲ್ಲ, ಆದರೆ ಪ್ರಾಣಿ ಇತ್ತು ಎನ್ನುವುದು ದಿಟ. 2011ರಲ್ಲಿ ಕರೈ ಹಳ್ಳಿಯ ಸುತ್ತಣ ಜೇಡಿಯಿಂದ ಶಾರ್ಕ್‌ಗಳ ಜೊತೆ ಇಕ್ತಿಯೊಸಾರ್ ಹಲ್ಲುಗಳೂ ವರದಿಯಾದವು. ಸುಮಾರು 10 ಕೋಟಿ ವರ್ಷದ ಆ ಹಲ್ಲುಗಳು ಈ ಬಳಗದ ಕೊನೆಯ ದಿನಗಳವು.

ಈ ತಾಣದ ಅಧ್ಯಯನದಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಎಲ್. ರಾಮರಾವ್ ಅರಿಯಲೂರು ಕಡೆಯ ಶಿಲೆಗಳ ಅತಿ ಮೇಲಿನ ಪದರಗಳಲ್ಲಿ ಪಾಚಿಯ ಪಳೆಯುಳಿಕೆಗಳನ್ನು ಗುರುತಿಸಿ, ಆಸ್ಟ್ರಿಯಾದ ಜೂಲಿಯಸ್ ಪಿಯಾ ಜೊತೆ 1936ರಲ್ಲಿ ಪ್ರಕಟಿಸಿದರು. ಡೈನೋಸಾರ್, ಮೊಸಾಸಾರ್‌ಗಳು ಅಳಿದ ಗಡಿಯ ಆಸುಪಾಸಿನ ಪದರಗಳಿವು. ಅದೇ ರಾಮರಾವ್ 1958ರಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘವನ್ನು ಬೆಂಗಳೂರಿನಲ್ಲಿ ಕಟ್ಟಿದವರಲ್ಲಿ ಒಬ್ಬರು. ಬಿ. ಪಿ. ರಾಧಾಕೃಷ್ಣ ಆ ಸಂಘವನ್ನೂ ಅದರ ಪತ್ರಿಕೆಯನ್ನೂ ದಶಕಗಳ ಕಾಲ ನಡೆಸಿದರು, ಕನ್ನಡದಲ್ಲೂ ಭೂವಿಜ್ಞಾನ ಬರೆದರು.

ಪಶ್ಚಿಮದಲ್ಲಿ ಗುಜರಾತಿನ ಕಚ್ಛ್ ಇನ್ನೊಂದು ತಾಣ. ಲೋಡಾಯಿ ಹಳ್ಳಿಯ ಬಳಿ ಸಿಕ್ಕ, ಸುಮಾರು 15 ಕೋಟಿ ವರ್ಷ ಹಳೆಯ ಇಕ್ತಿಯೊಸಾರ್‌ನ ಬಹುಪಾಲು ಕೂಡಿದ ಅಸ್ಥಿಪಂಜರವನ್ನು ದೆಹಲಿ ವಿಶ್ವವಿದ್ಯಾಲಯದ ಜಿ. ವಿ. ಆರ್. ಪ್ರಸಾದ್ ಮತ್ತು ಸಂಗಡಿಗರು 2017ರ ಅಕ್ಟೋಬರಿನಲ್ಲಿ ಪ್ರಕಟಿಸಿದರು. ಭಾರತದ ಜುರಾಸಿಕ್ ಶಿಲೆಯಲ್ಲಿ ಸಿಕ್ಕ ಮೊದಲ ಇಕ್ತಿಯೊಸಾರ್ ಇದು, ಉದ್ದ ಸುಮಾರು ಐದೂವರೆ ಮೀಟರ್. ಅದರ ಸವೆದ ಹಲ್ಲುಗಳು ಗಟ್ಟಿ ಚಿಪ್ಪಿನ ಬೇಟೆಯನ್ನು ಅದು ತಿನ್ನುತ್ತಿತ್ತು ಎಂದು ತೋರಿಸುತ್ತವೆ.

ಟಿಬೆಟ್‌ನ ಎತ್ತರದಲ್ಲಿ ಸಿಕ್ಕ ಹಿಮಾಲಯಸಾರಸ್ ಎಂಬ ದೊಡ್ಡ ಇಕ್ತಿಯೊಸಾರ್ 1972ರಲ್ಲಿ ಹೆಸರು ಪಡೆಯಿತು. ಅದು ಬದುಕಿದ್ದ ಕಾಲಕ್ಕೆ ಹಿಮಾಲಯದ ಜಾಗದಲ್ಲಿ ಟೆಥಿಸ್ ಎಂಬ ಸಮುದ್ರವಿತ್ತು. ಆ ಸಮುದ್ರದ ಒಂದು ತುಣುಕು ಕನ್ನಡದ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿದೆ. ನೇಪಾಳದ ಗಂಡಕಿ ನದಿಯಿಂದ ಬರುವ ಸಾಲಿಗ್ರಾಮಗಳಲ್ಲಿ ಚಕ್ರವೆಂದು ನಾವು ಕೈಮುಗಿಯುವ ಸುರುಳಿ ಅಮೊನೈಟ್ ಎಂಬ ಮೃದ್ವಂಗಿಯ ಚಿಪ್ಪಿನ ಅಚ್ಚು. ಅಮೊನೈಟ್‌ಗಳು ಕಡಲ ಸರೀಸೃಪಗಳ ಜೊತೆಗೇ ಬದುಕಿದವು, ಅವುಗಳೊಂದಿಗೇ ಅಳಿದವು. ಮೊಸಾಸಾರ್ ಹಲ್ಲಿನ ತೂತುಗಳಿವೆ ಎಂದು 1960ರಲ್ಲಿ ವಿವರಿಸಿದ ಅಮೊನೈಟ್ ಚಿಪ್ಪು ಅಮೆರಿಕದಲ್ಲಿದೆ. ಅಭಿಷೇಕದ ಹೊತ್ತಿಗೆ ಅಂಗೈಯಲ್ಲಿ ಹಿಡಿದ ಕರಿಕಲ್ಲು ಇಕ್ತಿಯೊಸಾರ್ ಕಂಡಿದ್ದ ಜೀವಿಯದಿರಬಹುದು ಎಂಬ ಅರಿವು ಭಕ್ತಿಗೆ ಅಡ್ಡಿಯಲ್ಲ. ಈ ಲೇಖಕನಿಗೆ ಆ ಕಲ್ಲು ಇನ್ನೂ ಪೂಜ್ಯವಾಗಿ ಕಾಣುತ್ತದೆ. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ ಹೊಲ ಕಾಯುವ ಭೈರವನೆಂದು ರೈತರು ಪೂಜಿಸುತ್ತಿದ್ದ ದುಂಡುಕಲ್ಲುಗಳನ್ನು ಡೈನೋಸಾರ್ ಮೊಟ್ಟೆಗಳೆಂದು ವಿಜ್ಞಾನಿಗಳು ಗುರುತಿಸಿದ್ದು 2023ರ ಸುದ್ದಿ.

ತದ್ವಿರುದ್ಧವಾದದ್ದೂ ನಡೆಯುತ್ತದೆ. 2020ರಲ್ಲಿ ಪೆರಂಬಲೂರಿನ ಕುನ್ನಂ ಹಳ್ಳಿಯಲ್ಲಿ ಕೆರೆಯ ಹೂಳೆತ್ತುವಾಗ ದೊಡ್ಡ ದುಂಡುಕಲ್ಲುಗಳು ಸಿಕ್ಕಾಗ ಡೈನೋಸಾರ್ ಮೊಟ್ಟೆ ಎಂಬ ಸುದ್ದಿ ಮೊಬೈಲುಗಳಲ್ಲಿ ಹರಡಿತು. ತಿಳಿದವರು ನೋಡಿದಾಗ ಅವು ಅಮೊನೈಟ್ ಸುತ್ತ ಕಟ್ಟಿದ ಕಲ್ಲುಂಡೆಗಳು. ನಿರಾಸೆಪಡಬೇಕಾಗಿಲ್ಲ, ಅವೂ ಪಳೆಯುಳಿಕೆಗಳೇ.

ಗೋಕಾಕದ ಘೇಂಡಾಮೃಗ

ಕರ್ನಾಟಕದ ನೆಲದಲ್ಲಿ ಮೂಳೆಯ ಪಳೆಯುಳಿಕೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಬೆಳಗಾವಿ ಜಿಲ್ಲೆಯ ಗೋಕಾಕದ ಬಳಿಯ ಹಳೆಯ ಮೆಕ್ಕಲಿನಲ್ಲಿ ಘೇಂಡಾಮೃಗದ ಮೂಳೆಗಳನ್ನು ಕಂಡು 1874ರಲ್ಲಿ ಅದಕ್ಕೆ ರೈನಾಸೆರಸ್ ಡೆಕ್ಕನೆನ್ಸಿಸ್ ಎಂದು ಹೆಸರಿಟ್ಟ. ಕಡಲಿಗೆ ಸಂಬಂಧವಿಲ್ಲದ ಈ ಪ್ರಾಣಿ ಭೂಕಾಲದ ಲೆಕ್ಕದಲ್ಲಿ ತೀರಾ ಇತ್ತೀಚಿನದು. ಧಾರವಾಡ ಶಿಲೆಗಳಿಗೆ ಆ ಹೆಸರು ಕೊಟ್ಟವನೂ ಫೂಟ್. ವೃತ್ತಿಯಲ್ಲಿ ಭೂವಿಜ್ಞಾನಿಯಾದರೂ ಅವನನ್ನು ಲೋಕ ನೆನೆಯುವುದು 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಕಂಡ ಶಿಲಾಯುಗದ ಕೈಕೊಡಲಿಗಾಗಿ. ಪ್ರಾಗಿತಿಹಾಸ ಅವನ ಸಂಬಳದ ಕೆಲಸವಾಗಿರಲಿಲ್ಲ, ಪ್ರೀತಿಯ ಕೆಲಸ. ಕರ್ನಾಟಕದ ಹವ್ಯಾಸಿ ಶೋಧಕನಿಗೆ ಒಬ್ಬ ಹಿರಿಯ ಬೇಕೆಂದರೆ ಫೂಟ್‌ನನ್ನೇ ತೋರಿಸಬೇಕು.

ಹವ್ಯಾಸಿಯ ಕೆಲಸ

ಮೂಳೆ ಗುರುತಿಸುವುದು ಕಲಿತು ಬರುವ ಕಣ್ಣು. ಇಕ್ತಿಯೊಸಾರ್‌ನ ಬೆನ್ನುಮೂಳೆ ಕೇರಂ ಕಾಯಿಯಂತೆ ದುಂಡಗೆ, ಎರಡೂ ಬದಿ ಕುಳಿಬಿದ್ದ ಬಿಲ್ಲೆ. ಪ್ಲೀಸಿಯೊಸಾರ್‌ನದು ಇನ್ನಷ್ಟು ದಪ್ಪ, ಬದಿಗಳು ಬಹುತೇಕ ಚಪ್ಪಟೆ. ಒಡೆದ ಮೂಳೆಯ ಒಳಗೆ ಬ್ರೆಡ್ಡಿನಂಥ ಸಣ್ಣ ತೂತುಗಳಿರುತ್ತವೆ, ಕಲ್ಲಿಗೆ ಸಾಮಾನ್ಯವಾಗಿ ಅವಿರುವುದಿಲ್ಲ. ಮಲೆನಾಡಿನಲ್ಲಿ ಕಣ್ಣಿಗೆ ಮೋಸ ಮಾಡುವ ವಸ್ತುಗಳು ಬೇರೆ. ಶಿವಮೊಗ್ಗದ ಬಳಿಯ ಕುಂಸಿಯ ಕಡೆ ಮ್ಯಾಂಗನೀಸ್ ಗಣಿಗಳಿದ್ದವು. ಮ್ಯಾಂಗನೀಸ್ ಇರುವ ನೀರು ಕಲ್ಲಿನ ಬಿರುಕಿಗೆ ಇಳಿದು ಜರೀಗಿಡದಂಥ ಕಪ್ಪು ಚಿತ್ತಾರ ಬಿಡಿಸುತ್ತದೆ. ಶಹಾಬಾದ್ ಕಲ್ಲಿನ ಮೇಲೂ ಇಂಥದ್ದು ಕಾಣುತ್ತದೆ. ಗಿಡದ ಅಚ್ಚು ಎಂದು ಎಲ್ಲರೂ ನಂಬುವ ಇದು ಖನಿಜದ ಹರಳು ಮಾತ್ರ. ಜಂಬಿಟ್ಟಿಗೆಯ ಕೊಳವೆಗಳು ಹುಳುವಿನ ಬಿಲದಂತೆ ತೋರುತ್ತವೆ, ಮಳೆನೀರು ಮಣ್ಣಿನ ಅಂಶವನ್ನು ತೊಳೆದು ಉಳಿಸಿದ ಪೊಳ್ಳುಗಳವು.

ಸಿಕ್ಕ ವಸ್ತುವಿಗಿಂತ ಅದು ಸಿಕ್ಕ ಜಾಗ, ಪದರ, ದಿಕ್ಕು ಹೆಚ್ಚು ಬೆಲೆಯವು. ಕಿತ್ತು ತಂದು ಕಪಾಟಿನಲ್ಲಿಟ್ಟ ಮೂಳೆ ಮಾತು ಕಳೆದುಕೊಂಡ ಮೂಳೆ. ಕಿತ್ತದ್ದನ್ನು ಕಾಪಾಡುವುದೂ ಕಷ್ಟ. ಅರಿಯಲೂರಿನ ಕಲ್ಲಮೇಡುವಿನಿಂದ ತೆಗೆದು, ಜಗತ್ತಿನ ಅತಿ ದೊಡ್ಡ ಡೈನೋಸಾರ್‌ಗಳಲ್ಲಿ ಒಂದಿರಬಹುದೆಂದು 1980ರ ದಶಕದಲ್ಲಿ ವರದಿಯಾದ ಬ್ರುಹತ್ಕಾಯೊಸಾರಸ್‌ನ ಮೂಳೆಗಳು ಕಾಲ ಕಳೆದಂತೆ ಪುಡಿಯಾಗಿ ಹೋದವು. ಈಗ ಉಳಿದಿರುವುದು ಚಿತ್ರಗಳು ಮತ್ತು ವಿವಾದ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ಫೋಟೊ ತೆಗೆಯುವುದು, ಮೊಬೈಲಿನಲ್ಲಿ ಸ್ಥಳ ಗುರುತಿಸಿಕೊಳ್ಳುವುದು, ಕಲ್ಲನ್ನು ಅಲ್ಲೇ ಬಿಟ್ಟು ಹತ್ತಿರದ ಭೂವಿಜ್ಞಾನ ವಿಭಾಗಕ್ಕೆ ತಿಳಿಸುವುದು ಹವ್ಯಾಸಿ ಮಾಡಬಹುದಾದ ಅತ್ಯುತ್ತಮ ಕೆಲಸ. ಭೂಪರಂಪರೆಯ ತಾಣಗಳನ್ನೂ ಅವಶೇಷಗಳನ್ನೂ ಕಾಪಾಡುವ ಕರಡು ಮಸೂದೆಯೊಂದನ್ನು ಕೇಂದ್ರದ ಗಣಿ ಸಚಿವಾಲಯ 2022ರಲ್ಲಿ ಪ್ರಕಟಿಸಿತು.

ಕುಬಟೂರಿನಿಂದ ಹೊರಟವನಿಗೆ ನೋಡಬೇಕಾದ ಕ್ರಮ ಹೀಗಿರಬಹುದು: ಮೊದಲು ಊರಿನ ಗುಡಿಯ ಬಳಪದ ಕಲ್ಲು, ಆಮೇಲೆ ತನ್ನದೇ ಜಿಲ್ಲೆಯ ಸ್ಟ್ರೊಮ್ಯಾಟೊಲೈಟ್, ನಂತರ ಮರಡಿಹಳ್ಳಿಯ ದಿಂಬು ಲಾವಾ. ಅಲ್ಲಿಂದ ಮುಂದೆ ಪೆರಂಬಲೂರಿನ ಸಾತನೂರು, 18 ಮೀಟರಿಗೂ ಉದ್ದದ ಕಲ್ಲಾದ ಮರ ಮಲಗಿರುವ ಊರು. 1940ರಲ್ಲಿ ಎಂ. ಎಸ್. ಕೃಷ್ಣನ್ ಗುರುತಿಸಿದ ಆ ಮರ ನೆಲದಲ್ಲಿ ಬೆಳೆದು, ಹೊಳೆಯಲ್ಲಿ ತೇಲಿ ಸಮುದ್ರ ಸೇರಿ, ತಳದ ಕೆಸರಿನಲ್ಲಿ ಹೂತು ಕಲ್ಲಾದದ್ದು. ಅದು ಮುಳುಗಿದ ನೀರು ಕ್ರಿಟೇಶಿಯಸ್ ಕಾಲದ ಕಡಲಿನ ನೀರು. ಅಲ್ಲಿಂದ ಕರೈ ದೂರವಿಲ್ಲ. ಅಲ್ಲಿಯ ಬೋಳು ಕೊರಕಲುಗಳಲ್ಲಿ ಪ್ರತಿ ಮಳೆಗಾಲವೂ ಜೇಡಿ ತೊಳೆದುಹೋಗಿ ಹೊಸ ಚಿಪ್ಪುಗಳು ಮೇಲೆ ಬರುತ್ತವೆ.